ಮರುಗೊರಡು

ಹೊಸಹಟ್ಟಿಯ ಹೊಲಗಳು ಪಡುವಣಕ್ಕೆ ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದಲೇ ಬೆಟ್ಟ ಶುರುವಾಗುತ್ತದೆ. ಒಣ ಬೆಟ್ಟ. ಕರಿಬಂಡೆ, ಬಂಡೆಯ ಸಂದಿಯಲ್ಲಿ ಬಾದೆಹುಲ್ಲು, ಅಲ್ಲಲ್ಲಿ ಕಗ್ಗಲಿ, ಕಮರ, ತುಗ್ಗಲಿ ಮರಗಳು. ಎರಡು ಗುಡ್ಡಗಳು ಹೆಗಲು ತಾಗಿಸಿ ನಿಂತ ಕಡೆ ಒಂದು ಕಣಿವೆಯಿದೆ. ಹಳೆಯ ಗಾಡಿದಾರಿ ಹತ್ತುವುದು ಅದರೊಳಗಿಂದ. ಮೋಟಾರು ರಸ್ತೆ ಬೆಟ್ಟವನ್ನು ಬಳಸಿಕೊಂಡು ಹೋದ ಮೇಲೆ ಇಲ್ಲಿ ಗಾಡಿ ನಡೆದದ್ದಿಲ್ಲ. ಆದರೂ ದಾರಿ ಅಳಿಸಿಲ್ಲ. ಹಾಸುಬಂಡೆಯ ಮೇಲೆ ಉದ್ದಕ್ಕೂ ಮೂರು ಗೀರುಗಳಿವೆ. ಅಂಚಿನ ಎರಡು ಕಿರಿದು ಮತ್ತು ಆಳ; ಅವು ಗಾಲಿಯ ಕಬ್ಬಿಣದ ಹಳಿ ಕೊರೆದವು. ನಡುವಿನದು ಅಗಲ, ಬೆರಳಾಡಿಸಿದರೆ ನುಣ್ಣಗೆ ಹತ್ತುತ್ತದೆ. ಅದನ್ನು ಸವೆಸಿದ್ದು ಕಬ್ಬಿಣವಲ್ಲ, ಮರ. ಏರು ಮುಗಿದಲ್ಲಿ ಒಂದು ಬಯಲು. ಬಯಲಿನಲ್ಲಿ ದೊಡ್ಡದೊಂದು ಹಿಪ್ಪೆಮರ, ಅದರ ಬೇರಿನ ಮಗ್ಗುಲಲ್ಲಿ ಬೇಸಗೆಯಲ್ಲೂ ಬತ್ತದ ನೀರಿನ ದೊಣೆ, ಹೊಗೆ ಹಿಡಿದ ಒಲೆಗಲ್ಲುಗಳು, ಮರದ ಕೆಳಗೆ ಕೊರಡುಗಳ ಒಂದು ರಾಶಿ. ಈ ನೆಲೆಗೆ ಮರುಗೊರಡು ಎಂದು ಹೆಸರು.

ಹೊಸದಾಗಿ ಬಂದವರು ರಾಶಿಯನ್ನು ಸೌದೆ ಎಂದುಕೊಳ್ಳುತ್ತಾರೆ. ಸೌದೆಯಲ್ಲ. ಪ್ರತಿ ಕೊರಡಿನ ಒಂದು ತುದಿಯಲ್ಲಿ ಹಗ್ಗ ಕೂರುವಂತೆ ಕಚ್ಚು ಹಾಕಿದೆ. ಕಡಿದಾದ ಇಳಿಜಾರಿನಲ್ಲಿ ಗಾಡಿಯ ಭಾರ ಎತ್ತುಗಳ ಮೇಲೆ ನುಗ್ಗದಂತೆ ಇಂಥ ಕೊರಡನ್ನು ಹಿಂದಕ್ಕೆ ಕಟ್ಟಿ ಎಳೆಸುವುದು ಗಾಡಿಯವರ ಪದ್ಧತಿ. ಇಳಿಜಾರು ಮುಗಿದ ಕೂಡಲೇ ಬಿಚ್ಚಿ ಬಿಸಾಡುತ್ತಾರೆ. ಹಾಗಿದ್ದರೆ ರಾಶಿ ಬೆಟ್ಟದ ಬುಡದಲ್ಲಿ ಬೀಳಬೇಕಿತ್ತು. ಇಲ್ಲಿ ಅದು ನೆತ್ತಿಯ ಮೇಲಿದೆ. ಯಾಕೆಂದು ಕೇಳಿದರೆ ಹೊಸಹಟ್ಟಿಯ ಹಿರಿಯರು ಮಾಕಣ್ಣನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಬೆಟ್ಟದ ಪಡುವಣ ಮಗ್ಗುಲಲ್ಲಿ ತೊರೆಬೊಮ್ಮನಕೆರೆ ಎಂಬ ಊರಿತ್ತಂತೆ. ಒಂದು ಮಳೆಗಾಲ ಕೆರೆಯ ಏರಿ ಒಡೆಯಿತು. ನೀರು ಹರಿದು ಹೋಯಿತು, ಮರಳು ಉಳಿಯಿತು. ಕೆರೆಯ ಕೆಳಗಿನ ಊರುಗಳ ಹೊಲಗಳ ಮೇಲೆಲ್ಲ ಮೊಣಕಾಲುದ್ದ ಮರಳು ಹಾಸಿತು. ನೇಗಿಲು ಹೂಡಿದರೆ ಹಿಡಿಯಲು ಮಣ್ಣೇ ಇಲ್ಲ. ಊರ ಯಜಮಾನ ಮಾಕಣ್ಣ ಪಾಳೆಯಗಾರನನ್ನು ಕಂಡು ಬೆಟ್ಟದಾಚೆಯ ಬೀಳುನೆಲ ಕೇಳಿದ. ಪಾಳೆಯಗಾರ ಒಂದು ಮಾತಿನ ಮೇಲೆ ಕೊಟ್ಟ: ಬರುವ ಮುಂಗಾರಿಗೆ ಬೀಳು ಹಸಿರಾದರೆ ನೆಲ ಇವರದು, ಇಲ್ಲದಿದ್ದರೆ ಕೇಳಿದ ಇನ್ನೊಬ್ಬರದು. ಮಾಕಣ್ಣ ಮೊದಲೇ ಕೂತಲ್ಲಿ ಕೂರದ ಆಳು. ಉಣ್ಣುವಾಗಲೂ ಒಂದು ಮೊಣಕಾಲೆತ್ತಿಯೇ ಕೂರುತ್ತಿದ್ದ, ಕರೆದರೆ ತಟ್ಟನೆ ಏಳುವುದಕ್ಕೆ, ಎನ್ನುತ್ತಾರೆ. ಈ ಮಾತು ಬಿದ್ದ ಮೇಲೆ ಅವನ ಬಾಯಲ್ಲಿ ಉಳಿದದ್ದು ಒಂದೇ ಸೊಲ್ಲು: “ಬಿರ್ರನೆ ನಡೀರಪ್ಪ, ಹೊತ್ತು ನಮ್ಮನ್ನ ಕಾಯಾಕಿಲ್ಲ.”

ಊರಿಗೆ ಊರೇ ಗಾಡಿ ಹೂಡಿತು. ಅವರಲ್ಲಿ ಒಂದು ಕಟ್ಟಳೆಯಿತ್ತು. ಬಿತ್ತುವಾಗ ನೇಗಿಲು ಮುಂದೆ, ಬೀಜ ಹಿಂದೆ, ದಾರಿಯಲ್ಲೂ ಹಾಗೆಯೇ. ನೇಗಿಲು ಹೊತ್ತ ಗಾಡಿ ಮೊದಲು ಹೋಗಬೇಕು, ಬೀಜದ ಗಾಡಿ ಎಲ್ಲಕ್ಕೂ ಕೊನೆಗೆ ಬರಬೇಕು. ಬೀಜದ ಕಣಜಕ್ಕೆ ಬೇವಿನ ಸೊಪ್ಪು ಹಾಸಿ, ಬಾಯಿಗೆ ಸಗಣಿ ಮೆತ್ತಿ ಮುಚ್ಚುವವಳು ಒಬ್ಬ ಹೆಂಗಸು. ಹೊಲದ ಬದುವಿನ ಮೇಲೆ ಅದನ್ನು ತೆರೆಯಬೇಕಾದವಳೂ ಅವಳೇ. ನಡುವೆ ಕಣಜ ತೆರೆಯುವಂತಿಲ್ಲ, ಬೇರೆಯವರ ಕೈ ತೆರೆದ ಬೀಜ ಮೊಳೆಯುವುದಿಲ್ಲ. ಆ ವರ್ಷ ಕಣಜ ಮುಚ್ಚಿದವಳು ಸಿರಿಯವ್ವ, ಮಾಕಣ್ಣನ ತಮ್ಮ ಕದರಣ್ಣನ ಹೆಂಡತಿ. ಕದರಣ್ಣ ನೇಗಿಲಿನ ಗಾಡಿ ಹೊಡೆದುಕೊಂಡು ಎಲ್ಲರ ಮುಂದೆ, ಸಿರಿಯವ್ವ ಬೀಜದ ಗಾಡಿಯಲ್ಲಿ ಎಲ್ಲರ ಹಿಂದೆ. ದಾರಿಯುದ್ದಕ್ಕೂ ಗಂಡಹೆಂಡಿರು ಒಬ್ಬರಿಗೊಬ್ಬರು ಕಾಣಿಸಿದ್ದು ಬೀಡು ಬಿಟ್ಟಾಗ ಮಾತ್ರ. ಗಾಡಿಯವನು ಚಿತ್ತಯ್ಯ ಇದನ್ನೇ ಆಡಿಕೊಳ್ಳುತ್ತಿದ್ದ. “ನಡುವೆ ಊರೇ ಐತಲ್ಲೋ ಕದರ, ಸಂಸಾರ ಹೆಂಗೆ ಮಾಡ್ತೀಯೋ?” ಎನ್ನುವನು. “ಸಾಲು ಮುಗಿದ ಮ್ಯಾಲೆ ಬೀಜ ನೇಗಿಲ ತಾಕ್ಕೇ ಬರ್ತದೆ ಕಣೋ” ಎಂದು ಕದರಣ್ಣ ನಗುವನು.

ಪಡುವಣದ ಏರು ಸಲೀಸಾಗಿತ್ತು. ನೆತ್ತಿಯ ಬಯಲಿನಲ್ಲಿ ಆಗ ಕಗ್ಗಲಿಯ ತೋಪಿತ್ತು, ನಡುವೆ ಈ ಹಿಪ್ಪೆ, ಈ ದೊಣೆ. ಅಲ್ಲೇ ಬೀಡು ಬಿಟ್ಟರು. ಮೂಡಣದ ಇಳಿಜಾರು ಮಾತ್ರ ಬೇರೆ ಜಾತಿಯದು, ನೀರು ಬಿದ್ದರೂ ನಿಲ್ಲದ ಹಾಸುಬಂಡೆ. ಅವರು ಸಮನೆಲದಲ್ಲಿ ಗಾಡಿ ಹೊಡೆದ ಜನ. ಬೆಟ್ಟವೆಂದರೆ ಹತ್ತುವುದೇ ಕಷ್ಟ, ಇಳಿಯುವುದು ತಾನಾಗಿ ಆಗುತ್ತದೆ ಎಂದುಕೊಂಡಿದ್ದರು. ಕದರಣ್ಣ ಬಂಡೆಯ ಮೇಲೆ ಕಾಲಾಡಿಸಿ ನೋಡಿದ. “ಅಣ್ಣಾ, ಎತ್ತಿನ ಗೊರಸು ಇಲ್ಲಿ ಹಿಡಿಯಾಕಿಲ್ಲ. ಇವತ್ತು ಬ್ಯಾಡ, ಏನಾನ ಉಪಾಯ ನೋಡಾಣ” ಎಂದ. ಮಾಕಣ್ಣ ಆಗಲೇ ತುದಿಯಲ್ಲಿ ನಿಂತಿದ್ದ. ಕೆಳಗೆ ಎರೆನೆಲ ಕಪ್ಪಗೆ ಹಾಸಿಕೊಂಡಿತ್ತು. “ನೆಲ ಕಣ್ಣಿಗೆ ಕಾಣ್ತಾ ಐತೆ, ನೀನು ಉಪಾಯ ಅಂತೀಯ. ಇಳಿಸಲೇ ಬಿರ್ರನೆ!” ಎಂದ. ಕದರಣ್ಣ ಇಳಿಸಿದ. ಅರ್ಧ ದಾರಿಗೆ ಗಾಡಿ ಎತ್ತುಗಳನ್ನು ಮೀರಿತು. ನೊಗ ಮುರಿದ ಸದ್ದು ನೆತ್ತಿಯವರೆಗೂ ಕೇಳಿತು. ಆಮೇಲೆ ಕೇಳಿದ್ದು ಕಲ್ಲು ಉರುಳುವ ಸದ್ದು ಮಾತ್ರ.

ಕದರಣ್ಣನನ್ನು ಬೆಟ್ಟದ ಬುಡದಲ್ಲೇ ಮಣ್ಣು ಮಾಡಿದರು. ಸಿರಿಯವ್ವ ಇಳಿದು ಹೋಗಿ ಒಂದು ಹಿಡಿ ಮಣ್ಣು ಹಾಕಿ, ಅದೇ ಬಂಡೆ ಹತ್ತಿ ಬೀಜದ ಗಾಡಿಯ ಬಳಿಗೆ ಬಂದಳು. ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಮಾಕಣ್ಣನಿಗೆ ಹಗುರವಾಗುತ್ತಿತ್ತು. ಅವನು ದುಃಖಕ್ಕೂ ಕೂರಲಿಲ್ಲ. ಕೂತರೆ ಆ ಸದ್ದು ಕಿವಿಗೆ ಬರುತ್ತಿತ್ತು. ಬಯಲಿನ ಆ ತುದಿಯಿಂದ ಈ ತುದಿಗೆ ತಿರುಗಿದ್ದೇ ತಿರುಗಿದ್ದು. ಅಷ್ಟರಲ್ಲಿ ಚಿತ್ತಯ್ಯ ಒಂದು ಕಗ್ಗಲಿ ಮರ ಕಡಿದು, ಕಚ್ಚು ಹಾಕಿ, ತನ್ನ ಗಾಡಿಯ ಹಿಂದಕ್ಕೆ ಬಿಗಿದ. ಕೊರಡು ಬಂಡೆಯನ್ನು ಕೆರೆಯುತ್ತ ಗಾಡಿಯನ್ನು ಹಿಡಿದುಕೊಂಡಿತು. ಎತ್ತುಗಳು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಇಳಿದವು. ಅಲ್ಲಿಂದ ಮುಂದೆ ಒಂದು ಗಾಡಿಗೆ ಒಂದು ಮರ. ಯಾರಿಗೆ ಯಾವುದು ಹತ್ತಿರವೋ ಅದನ್ನು ಕಡಿದರು, ಕಟ್ಟಿದರು, ಇಳಿದರು. ಮಾಕಣ್ಣ ತುದಿಯಲ್ಲಿ ನಿಂತು ಕೂಗುತ್ತಿದ್ದ. ಹಿಂದಿನ ಗಾಡಿಗೆ ಮರ ಉಂಟೇ ಎಂದು ತಿರುಗಿ ನೋಡುವ ಪುರಸೊತ್ತು ಅವನಿಗೂ ಇರಲಿಲ್ಲ, ಬೇರೆ ಯಾರಿಗೂ ಇರಲಿಲ್ಲ.

ಬುಡದಲ್ಲಿ ಬಿಚ್ಚಿದ ಕೊರಡುಗಳು ವ್ಯರ್ಥವಾಗಲಿಲ್ಲ. ಬಯಲು ಬೀಳಿನಲ್ಲಿ ಬೇರೆ ಮರವೆಲ್ಲಿ? ಅವನ್ನೇ ಗುಡಿಸಲ ಕಂಬವಾಗಿ ನೆಟ್ಟರು, ಕೊಟ್ಟಿಗೆಯ ತೊಲೆ ಮಾಡಿದರು. ಮಾಕಣ್ಣ ತನ್ನ ಗಾಡಿ ಎಳೆದ ದಪ್ಪ ಕೊರಡನ್ನು ಗುಡಿಸಲ ನಡುಗಂಬವಾಗಿ ನಿಲ್ಲಿಸಿದ. ಉಳಿದಿದ್ದ ನೇಗಿಲುಗಳಿಂದ ಬೀಳು ಒಡೆದರು. ಬೀಜ ಬಿತ್ತುವ ಹೊತ್ತಿಗೆ ಬಂದರೆ ಸಾಕೆಂದು ನೆತ್ತಿಯಲ್ಲಿ ಉಳಿದ ಗಾಡಿಯನ್ನು ಯಾರೂ ನೆನೆಯಲಿಲ್ಲ. ಮೃಗಶಿರೆ ಮಳೆ ಮೊದಲ ದಿನವೇ ನೆಲ ನೆನೆಸಿ ಹೋಯಿತು. ಮಣ್ಣು ಹದಕ್ಕೆ ಬಂತು, ಬೀಜ ಬರಲಿಲ್ಲ. ಮಾಕಣ್ಣ ಬದುವಿನ ಮೇಲೆ ನಿಂತು ಬೆಟ್ಟ ನೋಡುವನು, ಬಗ್ಗಿ ಮಣ್ಣು ಹಿಸುಕಿ ನೋಡುವನು, ಮತ್ತೆ ಬೆಟ್ಟ ನೋಡುವನು. ಬಿಸಿಲು ಏರುತ್ತಿತ್ತು. ಹದ ಆರಿದರೆ ಇನ್ನೊಂದು ಮಳೆ ಯಾವಾಗಲೋ ಯಾರಿಗೆ ಗೊತ್ತು? ತಡೆಯಲಾರದೆ ಕೊಡಲಿ ಹೆಗಲಿಗೇರಿಸಿ ಬೆಟ್ಟ ಹತ್ತಿದ.

ನೆತ್ತಿಗೆ ಬಂದವನಿಗೆ ಬಯಲಿನ ಗುರುತು ಹತ್ತಲಿಲ್ಲ. ತೋಪು ಇರಲಿಲ್ಲ. ಎಲ್ಲಿ ನೋಡಿದರಲ್ಲಿ ಬಿಳಿ ಮೋಟುಗಳು. ಹಿಪ್ಪೆಯ ಕೆಳಗೆ ಬೀಜದ ಗಾಡಿ ಮೂಕಿಯನ್ನು ನೆಲಕ್ಕೆ ಊರಿ ನಿಂತಿತ್ತು, ಎತ್ತುಗಳು ಕಾಲು ಕೆದರುತ್ತಿದ್ದವು, ಸಿರಿಯವ್ವ ಕಣಜಕ್ಕೆ ಒರಗಿ ಕೂತಿದ್ದಳು.

“ಯಾಕವ್ವ ಇನ್ನೂ ಇಲ್ಲೇ ಇದ್ದೀಯ? ಅಲ್ಲಿ ನೆಲ ಬಾಯಿ ಬಿಡ್ತಾ ಐತೆ.”

“ಕೊರಡು ಎಲ್ಲೈತೆ ಭಾವ?”

ಮಾಕಣ್ಣ ಸುತ್ತ ನೋಡಿದ. ಉಳಿದದ್ದು ಹಿಪ್ಪೆಯೊಂದೇ. ಅವನು ಕೊಡಲಿ ಎತ್ತಿ ಬೀಸಿದ. ಏಟು ಆಳಕ್ಕೆ ಕೂತಿತು. ತೊಗಟೆಯಿಂದ ಹಾಲು ಒಸರಿತು. ಎರಡನೆಯ ಏಟಿಗೆ ಕೈ ಎತ್ತಿದಾಗ ಸಿರಿಯವ್ವ ಕೂತಲ್ಲಿಂದಲೇ, “ಒಂದು ಕಿತ ಪಡುವಲಕ್ಕೆ ನೋಡು. ಆಮ್ಯಾಲೆ ಕಡಿಯೋ ಹಂಗಿದ್ರೆ ಕಡಿ” ಎಂದಳು. ಪಡುವಣದ ಬಯಲಿನಲ್ಲಿ ದೂಳು ಎದ್ದಿತ್ತು. ದೂಳಿನ ಕೆಳಗೆ ಇರುವೆಸಾಲಿನಂತೆ ಗಾಡಿಗಳು.

“ಯಾರವರು?”

“ನಮ್ಮಂಗೇ ಮರಳು ಬಿದ್ದೋರು. ನಮ್ಮ ಗಾಲಿ ಗುರುತು ಹಿಡ್ಕಂಡು ಬರ್ತಾ ಅವ್ರೆ.”

“ಅವರ ಪಾಡು ಅವರಿಗೆ ಕಣವ್ವ.”

“ಒಬ್ಬೊಬ್ಬರೂ ಹಂಗೇ ಅಂದ್ಕಂಡು ಇಳಿದ್ರಿ. ಕೊನೇಗೆ ಉಳಿದಿದ್ದು ನಿಮ್ಮ ಬೀಜವೇ.”

ಮಾಕಣ್ಣನ ಕೈಯ ಕೊಡಲಿ ತಗ್ಗಿತು. ತನ್ನ ಗುಡಿಸಲ ಕಂಬ ಕಿತ್ತು ತಾನೇ ಹೊತ್ತು ತರುವೆನೆಂದ. ಅವಳು ತಲೆಯಾಡಿಸಿದಳು. ಎಷ್ಟು ಗಾಡಿ ಇಳಿದವೋ ಅಷ್ಟು ಕೊರಡು ಮೇಲಕ್ಕೆ ಬರಬೇಕು. ಅಲ್ಲಿಯವರೆಗೆ ಕಣಜ ಇಳಿಯುವುದಿಲ್ಲ ಎಂದಳು. ಅವನಿಗೆ ಸಿಟ್ಟು ನೆತ್ತಿಗೇರಿತು. ಒಂದು ಗಾಡಿಗೆ ಅಷ್ಟು ಕೊರಡು ಯಾಕೆಂದು ಕೂಗಾಡಿದ. ಸಿರಿಯವ್ವ ಎದ್ದು ನಿಂತಳು. “ನನಗೆ ಒಂದೇ ಸಾಕು. ಒಂದು ಬಂದ್ರೆ ನಾನು ಇಳೀತೀನಿ. ನನ್ನ ಹಿಂದೆ ಬಂದೋರು ಈ ಮರ ಕಡೀತಾರೆ. ಮರ ಹೋದ್ರೆ ದೊಣೆ ಬತ್ತುತ್ತದೆ. ಅವರ ಹಿಂದೆ ಬಂದೋರು ಕೊರಡಿಲ್ದೆ ಇಳೀತಾರೆ. ಕೊರಡಿಲ್ದೆ ಇಳಿದ್ರೆ ಏನಾಗ್ತದೆ ಅಂತ ನಿನಗೂ ಗೊತ್ತು ಭಾವ, ನನಗೂ ಗೊತ್ತು.” ಆ ದಿನದಿಂದ ಇಬ್ಬರ ನಡುವೆ ಆಡದೆ ಉಳಿದಿದ್ದ ಮಾತು ಅದು. ಮಾಕಣ್ಣ ಕೊಡಲಿಯನ್ನು ನೆಲಕ್ಕೆ ಊರಿದ. ಆಮೇಲೆ, “ಹದ ಆರಿದ್ರೆ ನೆಲ ಹೋಗ್ತದೆ. ಊರು ಉಪಾಸ ಬೀಳ್ತದೆ” ಎಂದ. “ಹೌದು. ಅದಕ್ಕೇ ಬಿರ್ರನೆ ಹೋಗು” ಎಂದಳು ಸಿರಿಯವ್ವ.

ಕೆಳಗೆ ಸುದ್ದಿ ಕೇಳಿದ ಜನ ರೇಗಿದರು. ಹೆಂಗಸಿನ ಹಟಕ್ಕೆ ಮನೆ ಕೀಳಬೇಕೇ ಎಂದರು ಕೆಲವರು. ಗಂಡ ಸತ್ತವಳ ಕೈಯ ಬೀಜ ಯಾಕೆ, ನುಗ್ಗಿ ಕಣಜ ಒಡೆದು ಚೀಲದಲ್ಲಿ ಹೊತ್ತು ತರೋಣ ಎಂದರು ಇನ್ನು ಕೆಲವರು. “ಹೊತ್ತು ತತ್ತೀರಿ, ಬಿತ್ತುತ್ತೀರಿ. ಮೊಳೀದೇ ಹೋದ್ರೆ ಯಾರ ಬಾಯಿಗೆ ಮಣ್ಣು?” ಎಂದ ಚಿತ್ತಯ್ಯ. ಎಲ್ಲರೂ ಯಜಮಾನನ ಕಡೆ ನೋಡಿದರು. ಮಾಕಣ್ಣ ಅವರ ನಡುವಿನಿಂದ ಹೊರಟು ಹೊಲಕ್ಕೆ ಹೋದ. ಬಗ್ಗಿ ಮಣ್ಣು ಹಿಸುಕಿದ. ಉಂಡೆ ಕಟ್ಟಿತು, ಆದರೆ ಅಂಚು ಬಿರುಕು ಬಿಟ್ಟಿತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತ. ಮೊದಲ ಸಲ ಅವನಿಗೆ ಅನ್ನಿಸಿತಂತೆ: ಅವತ್ತು ಒಂದು ದಿನ ನಿಂತಿದ್ದರೆ ನೆಲ ಎಲ್ಲಿಗೂ ಓಡಿ ಹೋಗುತ್ತಿರಲಿಲ್ಲ. ತಮ್ಮ ಬದುಕಿರುತ್ತಿದ್ದ. ಉಂಡೆಯನ್ನು ಸಾಲಿಗೆ ಹಾಕಿ ಅವನು ನೇರ ಗುಡಿಸಲಿಗೆ ಬಂದು ನಡುಗಂಬವನ್ನು ತಬ್ಬಿ ಅಲುಗಿಸಿದ. ಹೆಂಡತಿ ಕಾಟವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಏನು ಹಿಡೀತು ನಿಮಗೆ? ಸೂರು ಬೀಳ್ತದೆ!”

“ಬೀಳ್ಲಿ. ಮುದ್ದೆ ಮಡಿಕೆ ತಗಂಡು ನೀನು ಆಚೆಗೆ ಬಾ.”

“ಮಳೆ ಬಂದ್ರೆ ಎಲ್ಲಿ ಮಲಗಾಣ?”

“ಬಿತ್ತಿದ ಮ್ಯಾಲೆ ಮಲಗಾಣ.”

ಕಂಬ ಬಂತು, ಸೂರು ಕೂತಿತು, ದೂಳೆದ್ದಿತು. ಕಾಟವ್ವ ಮಡಕೆ ಹಿಡಿದು ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಗಂಡನನ್ನು ಬೈದಳು. ಬೈಗುಳ ಮುಗಿಯುವಷ್ಟರಲ್ಲಿ ಮಾಕಣ್ಣ ಕೊರಡನ್ನು ಹೆಗಲಿಗೇರಿಸಿ ಬಂಡೆಯ ಬುಡ ಸೇರಿದ್ದ. ಚಿತ್ತಯ್ಯ ತಲೆ ಕೆರೆದುಕೊಂಡ. “ಯಜಮಾನ್ರ ಮನೇನೇ ಕೂತ ಮ್ಯಾಲೆ ನಮ್ಮದು ನಿಂತು ಏನು ಮಾಡ್ತದೆ?” ಎಂದು ತನ್ನ ಕೊಟ್ಟಿಗೆಯ ತೊಲೆಗೆ ಕೈ ಹಾಕಿದ. ಎತ್ತುಗಳ ಹೆಗಲು ಇಳಿಜಾರಿನಲ್ಲಿ ಹುಣ್ಣಾಗಿತ್ತು, ಉಳಿದ ಬಲ ನೇಗಿಲಿಗೆ ಬೇಕಿತ್ತು. ಕೊರಡುಗಳಿಗೆ ಮನುಷ್ಯರ ಹೆಗಲೇ ಗತಿ. ಒಬ್ಬರ ಹಿಂದೆ ಒಬ್ಬರು, ಗುಡಿಸಲುಗಳೆಲ್ಲ ಕುಸಿದವು, ಬಂಡೆಯ ಮೇಲೆ ಸಾಲು ಬೆಳೆಯಿತು. “ಬರುವಾಗ ಗಾಡಿ ಮ್ಯಾಲೆ ನಾವು, ಈಗ ನಮ್ಮ ಮ್ಯಾಲೆ ಗಾಡಿ ಸಾಮಾನು” ಎಂದು ಚಿತ್ತಯ್ಯ ಏದುಸಿರಿನ ನಡುವೆ ಹೇಳಿದಾಗ ರೇಗಿದ್ದವರೂ ನಕ್ಕರು. ಕದರಣ್ಣ ಬಿದ್ದ ತಿರುವು ಬಂದಾಗ ಮಾಕಣ್ಣ ಕೊರಡನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ, ಒಂದು ಗಳಿಗೆ ನಿಂತು, ಮುಂದೆ ನಡೆದ.

ಸಿರಿಯವ್ವ ಹಿಪ್ಪೆಯ ಕೆಳಗೆ ಕೊರಡುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡಳು. ಕೊನೆಯದು ಬಂದ ಮೇಲೆ ಎತ್ತು ಹೂಡಿದಳು. ಮಾಕಣ್ಣನ ನಡುಗಂಬವನ್ನೇ ಗಾಡಿಯ ಹಿಂದಕ್ಕೆ ಬಿಗಿದರು. ಮಾಕಣ್ಣ ಎತ್ತುಗಳ ಮೂಗುದಾರ ಹಿಡಿದು ಮುಂದೆ ನಡೆದ. ಇಳಿಜಾರಿನುದ್ದಕ್ಕೂ ಅವನ ಬಾಯಲ್ಲಿ “ನಿಧಾನ, ನಿಧಾನ” ಎಂಬ ಮಾತು ಕೇಳಿ ಜನಕ್ಕೆ ಅಚ್ಚರಿಯಾಯಿತು ಎನ್ನುತ್ತಾರೆ. ಬದುವಿನ ಮೇಲೆ ಸಿರಿಯವ್ವ ಸಗಣಿಯ ಮೆತ್ತೆ ಒಡೆದು ಕಣಜ ತೆರೆದಳು. ಹೊತ್ತು ಮುಳುಗುವವರೆಗೆ ಬಿತ್ತಿದರು. ಸೂರಿಲ್ಲದ ಆ ಜನ ಅಂದು ಆಕಾಶದ ಕೆಳಗೆ ಮಲಗಿದರು. ಬೆಳಗಾಗುವಷ್ಟರಲ್ಲಿ ಮಳೆ ಹಿಡಿಯಿತು. ನೆನೆದು ತೊಪ್ಪೆಯಾದ ಕಾಟವ್ವ ಗಂಡನನ್ನು ಬೈಯಲು ಬಾಯಿ ತೆರೆದಳು. ಹೊಲ ನೋಡಿ ಸುಮ್ಮನಾದಳು.

ಮಳೆ ಬಿಟ್ಟ ಮೇಲೆ ಮಾಕಣ್ಣ ತನ್ನ ಕಂಬ ಹುಡುಕಿದ. ಗುಡಿಸಲು ಎತ್ತಬೇಕಿತ್ತು. ಕಂಬ ಗಾಡಿಯ ಹಿಂದೆ ಇರಲಿಲ್ಲ. ಸಿರಿಯವ್ವ ಅದರ ಒಂದು ತುದಿಗೆ ಹಗ್ಗ ಕಟ್ಟಿ ಒಬ್ಬಳೇ ಬಂಡೆಯ ಕಡೆ ಎಳೆದುಕೊಂಡು ಹೋಗುತ್ತಿದ್ದಳು. ಅವನು ಓಡಿ ಹೋಗಿ ಅಡ್ಡ ನಿಂತ. “ಅಷ್ಟೂ ಹತ್ತಿಸಿದ್ವಲ್ಲವ್ವ, ಇದೊಂದಾದ್ರೂ ಇರ್ಲಿ ಬಿಡು” ಎಂದ. “ಕಟ್ಕಂಡು ಇಳಿದೋಳು ನಾನು. ನಂದು ನಾನು ಹತ್ತಿಸಬ್ಯಾಡವಾ?” ಎಂದಳು. ಮಾಕಣ್ಣ ಗುಡಿಸಲ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿ ಕೊರಡಿನ ಇನ್ನೊಂದು ತುದಿಯನ್ನು ಹೆಗಲಿಗೆ ತೆಗೆದುಕೊಂಡ. ಕದರಣ್ಣ ಸತ್ತ ಮೇಲೆ ಇಬ್ಬರೂ ಜೊತೆಯಾಗಿ ಮಾಡಿದ ಮೊದಲ ಕೆಲಸ ಅದು. ನೆತ್ತಿಯಲ್ಲಿ ಹೊಸ ಗಾಡಿಗಳು ಬಂದು ನಿಂತಿದ್ದವು. ಗುರುತಿಲ್ಲದ ಜನ ದೊಣೆಯ ನೀರು ಕುಡಿದು, ರಾಶಿಯನ್ನು ಸೌದೆಯೆಂದು ತಿಳಿದು ಒಲೆ ಹೂಡಲು ಹೊರಟಿದ್ದರು. ಅವರ ಯಜಮಾನ ತುದಿಯಲ್ಲಿ ನಿಂತು ಕೆಳಗಿನ ಕಪ್ಪು ನೆಲ ತೋರಿಸುತ್ತ ತನ್ನವರನ್ನು ಅವಸರಪಡಿಸುತ್ತಿದ್ದ. ಮಾಕಣ್ಣ ಕೊರಡು ಇಳಿಸಿ ಅವನ ಬಳಿಗೆ ಹೋದ. “ಅದು ಸೌದೆ ಅಲ್ಲ ಕಣಣ್ಣ. ಕೂತ್ಕ, ಹೇಳ್ತೀನಿ” ಎಂದ. ತಾನೂ ಕೂತ. ಎರಡು ಮೊಣಕಾಲನ್ನೂ ಮಡಚಿ, ನೆಲಕ್ಕೆ ಪಟ್ಟಾಗಿ ಕೂತ.

ಕಟ್ಟಿಕೊಂಡು ಇಳಿದವರು ಮರಳಿ ಹತ್ತಿಸಬೇಕು: ಆ ಜನ ಈ ಮಾತನ್ನು ತಮ್ಮ ಹಿಂದಿನವರಿಗೆ ಹೇಳಿದರು, ಅವರು ಅವರ ಹಿಂದಿನವರಿಗೆ. ಮರಳಿ ಬರುವ ಕೊರಡಿನಿಂದ ಬಯಲಿಗೆ ಮರುಗೊರಡು ಎಂದು ಹೆಸರಾಯಿತು. ಬೀಳು ಆ ವರ್ಷ ಹಸಿರಾಯಿತು, ನೆಲ ಉಳಿಯಿತು, ಹೊಸಹಟ್ಟಿ ಊರಾಯಿತು. ಮಾಕಣ್ಣನ ಗುಡಿಸಲಿಗೆ ಬೇರೆ ನಡುಗಂಬ ಸಿಗುವವರೆಗೆ ಅವನೂ ಕಾಟವ್ವನೂ ಗಾಡಿಯ ಕೆಳಗೆ ಮಲಗಿದರಂತೆ. ಕಾಟವ್ವನ ಬೈಗುಳಗಳಲ್ಲಿ ಕೆಲವು ಊರಲ್ಲಿ ಇನ್ನೂ ಬಳಕೆಯಲ್ಲಿವೆ.

ಈಗ ಮರುಗೊರಡಿಗೆ ಹೋದವರು ಮೋಟುಗಳನ್ನು ಕಾಣುವುದಿಲ್ಲ. ಕಗ್ಗಲಿ ಮತ್ತೆ ಬೆಳೆದಿದೆ. ಹಿಪ್ಪೆಯ ಕಾಂಡದಲ್ಲಿ, ಗಂಡಸು ಕೊಡಲಿ ಬೀಸಿದರೆ ತಾಗುವ ಎತ್ತರದಲ್ಲಿ, ತುಟಿ ಮುಚ್ಚಿದ ಬಾಯಿಯಂತೆ ಒಂದು ಗಾಯದ ಗುರುತಿದೆ. ಅದು ಸಿಡಿಲಿನದೂ ಇರಬಹುದು. ಊರವರು ಒಪ್ಪುವುದಿಲ್ಲ. ರಾಶಿಯ ತಳದ ಕೊರಡುಗಳು ಗೆದ್ದಲು ತಿಂದು ಮುಟ್ಟಿದರೆ ಪುಡಿಯಾಗುತ್ತವೆ. ಮೇಲಿನವು ಹೊಸವು, ತೊಗಟೆ ಇನ್ನೂ ಹಸಿ. ಹೊಸಹಟ್ಟಿಯವರು ದನ ಹುಡುಕಲು ಹತ್ತಲಿ, ಹುಲ್ಲಿಗೆ ಹತ್ತಲಿ, ಹೆಗಲ ಮೇಲೆ ಒಂದು ಕೊರಡು ಇರುತ್ತದೆ. ಗಾಡಿಯೇ ನಿಂತು ಹೋದ ದಾರಿಯಲ್ಲಿ ಇದು ಯಾರಿಗೆ ಎಂದು ಕೇಳಿದರೆ, ಅವರು ಕೊರಡನ್ನು ರಾಶಿಯ ಮೇಲೆ ಸರಿಯಾಗಿ ಕೂರಿಸಿ, ಹೆಗಲು ಒರೆಸಿಕೊಂಡು, ಪಡುವಣದ ಕಡೆ ಒಮ್ಮೆ ನೋಡಿ ಹೇಳುತ್ತಾರೆ: “ಹಿಂದೆ ಬರೋರಿಗೆ.”